ಸುಣ್ಣವೋ ಎಮಲ್ಷನ್ನೋ, ಪರ್ಸಿಯೋ ಟೈಲ್ಸೋ? ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಮನೆಗೆ ಹೊಸ ಕಳೆ ತರುವುದು ಹೇಗೆ

ಪೇಂಟ್ ಅಂಗಡಿಯವರು ತೋರಿಸುವ ಬಣ್ಣದ ಪುಸ್ತಕದ ಮನೆಗಳಲ್ಲಿ ಧೂಳು ಇರುವುದಿಲ್ಲ. ನಮ್ಮಲ್ಲಿ ಇರುತ್ತದೆ. ಸಂಡೂರು, ತೋರಣಗಲ್ಲು ದಾರಿಯ ಮನೆಗಳಿಗೆ ಅದಿರಿನ ಕೆಂಪು ಧೂಳು. ಶಕ್ತಿನಗರದ ಆಸುಪಾಸು ಕಲ್ಲಿದ್ದಲ ಬೂದಿ. ಗಂಗಾವತಿ, ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿನ ಕರಿ ಬೂದಿ. ಇದು ಯಾವುದೂ ಇಲ್ಲದ ಊರಿನಲ್ಲೂ ಬೇಸಿಗೆ ಗಾಳಿ ಎರೆ ಹೊಲದ ಮಣ್ಣನ್ನು ಮನೆಯೊಳಗೆ ತಂದೇ ತರುತ್ತದೆ. ಜೊತೆಗೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ಬೋರ್ ನೀರು ಬೇರೆ ಗಡಸು.

ಹಾಗಾಗಿ ಬೆಂಗಳೂರಿನ ಫ್ಲ್ಯಾಟಿಗೆ ಒಪ್ಪುವ ಸಲಹೆ ಇಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ. ಮನೆಗೆ ಹೊಸ ಕಳೆ ತರಬೇಕು ಅಂದುಕೊಂಡಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ಒಂದು ಬೇಸಿಗೆ ಕಳೆದ ಮೇಲೆ ಇದು ಹೇಗೆ ಕಾಣುತ್ತದೆ? ಇನ್ನೊಂದು, ಇದನ್ನು ಒರೆಸುವವರು ಯಾರು? ಎರಡನೆಯದನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿ ದಿನಾ ಕಸ ಗುಡಿಸಿ ನೆಲ ಒರೆಸುವವರು ಅಮ್ಮನೋ, ಸೊಸೆಯೋ, ಮಗನೋ, ಯಾರಾದರೂ ಇರಲಿ, ಆಯ್ಕೆ ಮಾಡುವಾಗ ಅವರಿಗೆ ಎರಡು ಓಟು ಕೊಡಬೇಕು. ಹಾಗೆ ಮಾಡಿದ ಮನೆಗಳಲ್ಲಿ ದುಡ್ಡು ವ್ಯರ್ಥವಾಗುವುದು ಕಡಿಮೆ.

ಇನ್ನೊಂದು ಮಾತು. ನಿಮ್ಮದು ಯಾವ ಥರದ ಮನೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಜಂತಿ ತೊಲೆಯ ಹಳೆ ಮಾಳಿಗೆ ಮನೆಯ ನಿಯಮವೇ ಬೇರೆ. ಸಿಮೆಂಟ್ ಗಿಲಾವು, ಆರ್‌ಸಿಸಿ ಛಾವಣಿಯ ಮನೆಯ ನಿಯಮ ಬೇರೆ. ಬಾಡಿಗೆ ಮನೆಯಾದರೆ ಕಿತ್ತುಕೊಂಡು ಹೋಗಬಹುದಾದದ್ದಕ್ಕೆ ಮಾತ್ರ ಖರ್ಚು ಮಾಡಿ: ಪರದೆ, ದೀಪ, ಜಮಖಾನ, ಬೇಕಾದರೆ ಫ್ಯಾನ್. ಗೋಡೆಗೂ ನೆಲಕ್ಕೂ ನಿಮ್ಮ ದುಡ್ಡು ಹಾಕಬೇಡಿ.

ಗೋಡೆ: ಬಣ್ಣಕ್ಕೆ ಮುಂಚೆ ಉಪ್ಪು ನೋಡಿ

ಬಣ್ಣ ಹಚ್ಚಿಸಿ ಆರು ತಿಂಗಳಿಗೇ ಕೆಳಗಿನ ಎರಡು ಅಡಿ ಉಬ್ಬಿ, ಹಪ್ಪಳದ ಹಾಗೆ ಎದ್ದು ಬೀಳುವ ಗೋಡೆಗಳು ನಮ್ಮ ಕಡೆ ಜಾಸ್ತಿ. ತುಂಗಭದ್ರಾ ಕಾಲುವೆ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಇದು ಇನ್ನೂ ಹೆಚ್ಚು. ವರ್ಷವಿಡೀ ಗದ್ದೆಯಲ್ಲಿ ನೀರು ನಿಲ್ಲುವ ಜಾಗದಲ್ಲಿ ನೆಲದಡಿಯ ನೀರು ಮೇಲೆ ಬರುತ್ತದೆ, ಅದರ ಜೊತೆ ಸವಳೂ, ಅಂದರೆ ಮಣ್ಣಿನ ಉಪ್ಪೂ, ಬರುತ್ತದೆ. ಹೊಲಕ್ಕೆ ಆಗುವುದೇ ಗೋಡೆಗೂ ಆಗುತ್ತದೆ. ಅಡಿಪಾಯದಿಂದ ತೇವ ಗೋಡೆಗೆ ಏರುತ್ತದೆ, ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆ ಉಪ್ಪು ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ.

ಇಂಥ ಗೋಡೆಗೆ ಎಷ್ಟು ದುಬಾರಿ ಪೇಂಟ್ ಹಚ್ಚಿದರೂ ಅಷ್ಟೇ. ಮೊದಲು ಪರೀಕ್ಷೆ ಮಾಡಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ನೀರಿನ ಹನಿ ಇದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಆಗ ಪೇಂಟರ್‌ಗಿಂತ ಮೊದಲು ಗೌಂಡಿಯನ್ನು ಕರೆಯಿರಿ. ಗೋಡೆಯ ಆಚೆ ಬಚ್ಚಲು ಸೋರುತ್ತಿದೆಯಾ, ಹೊರಗೆ ರಸ್ತೆ ಎತ್ತರಿಸಿ ಮಣ್ಣು ಗೋಡೆಗೆ ಒತ್ತಿದೆಯಾ ನೋಡಲಿ. ಕಾರಣ ಸರಿಮಾಡಿ, ಕಲೆ ಇರುವಲ್ಲಿಗಿಂತ ಒಂದು ಅಡಿ ಮೇಲಿನವರೆಗೂ ಹಳೆ ಗಿಲಾವು ಕೆತ್ತಿ ತೆಗೆದು, ಗೋಡೆಯನ್ನು ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಹೊಸ ಗಿಲಾವು. ಸಾಧ್ಯವಾದರೆ ಇಡೀ ಬೇಸಿಗೆ ಒಣಗಲಿ. ನಮ್ಮ ಬಿಸಿಲು ಉಪಕಾರ ಮಾಡುವುದು ಇದೊಂದು ಕೆಲಸಕ್ಕೆ.

ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳಿಗೆ ಇನ್ನೊಂದು ಕಾಟ, ಬಿರುಕು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಮನೆಯೂ ಅದರ ಜೊತೆ ಅಲುಗುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಕು ಬರೆಯಿರಿ. ಅದು ಬೆಳೆಯುತ್ತಿದ್ದರೆ ಅಥವಾ ಬೆರಳು ಹೋಗುವಷ್ಟು ಅಗಲವಿದ್ದರೆ ಎಂಜಿನಿಯರ್‌ಗೆ ತೋರಿಸಬೇಕು. ಕೂದಲೆಳೆ ಬಿರುಕಾದರೆ ಸಿಮೆಂಟ್ ಮೆತ್ತುವುದಕ್ಕಿಂತ ಹಿಗ್ಗಿ ಕುಗ್ಗುವ ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿಸುವುದು ಮೇಲು. ಸಿಮೆಂಟ್ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ.

ಈಗ ಬಣ್ಣಕ್ಕೆ ಬರೋಣ.

ಸುಣ್ಣವನ್ನು ಬಡವರ ಬಣ್ಣ ಅಂತ ಬದಿಗೆ ಸರಿಸಬೇಡಿ. ಹಳೆ ಕಲ್ಲು ಮಣ್ಣಿನ ಗೋಡೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗುತ್ತದೆ, ಒಳಗೇ ಕೂತು ಉಬ್ಬುವುದಿಲ್ಲ. ಸುಣ್ಣದ ಖಾರಕ್ಕೆ ಬೂಸ್ಟೂ ಬೇಗ ಹಿಡಿಯುವುದಿಲ್ಲ. ಆದರೆ ಮಾಡುವ ಕ್ರಮದಲ್ಲಿ ಮಾಡಬೇಕು. ಸುಟ್ಟ ಸುಣ್ಣವನ್ನು ಕನಿಷ್ಠ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದು ಬೆರೆಸಿ, ತೆಳ್ಳಗೆ ಎರಡು ಮೂರು ಸಲ ಹಚ್ಚಬೇಕು. ದಪ್ಪಗೆ ಒಂದೇ ಸಲ ಬಳಿದರೆ ಚಕ್ಕೆ ಏಳುತ್ತದೆ. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕೊರತೆ ಅಂದರೆ ಬಟ್ಟೆಗೆ ಹತ್ತುತ್ತದೆ, ಒರೆಸಲು ಬರುವುದಿಲ್ಲ, ತಿಳಿ ಬಣ್ಣಗಳು ಮಾತ್ರ ಸಿಗುತ್ತವೆ, ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಆಯಿಲ್ ಪೇಂಟ್ ಅಥವಾ ಎಮಲ್ಷನ್ (ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಪೇಂಟ್) ಇರುವ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ. ಯುಗಾದಿಗೋ ಊರ ಜಾತ್ರೆಗೋ ವರ್ಷಾ ವರ್ಷ ಹಚ್ಚುವ ರೂಢಿ ಇರುವ ಮನೆಗೆ ಈ ಕೊರತೆ ಕೊರತೆಯೇ ಅಲ್ಲ.

ಡಿಸ್ಟೆಂಪರ್ ಸುಣ್ಣಕ್ಕೂ ಎಮಲ್ಷನ್‌ಗೂ ನಡುವಿನದು. ಅಗ್ಗ, ಬಣ್ಣಗಳೂ ಸಾಕಷ್ಟಿವೆ. ಎರಡು ಮೂರು ವರ್ಷ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಬಾಡಿಗೆಗೆ ಕೊಡುವ ಮನೆಗೆ, ಜನ ಜಾಸ್ತಿ ಓಡಾಡದ ಕೋಣೆಗೆ ಸರಿ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಪಡಸಾಲೆಗೆ ಬೇಡ, ಒರೆಸಿ ಒರೆಸಿ ಒಂದೇ ವರ್ಷದಲ್ಲಿ ಮಾಸುತ್ತದೆ.

ಒಣಗಿದ ಸಿಮೆಂಟ್ ಗೋಡೆಗೆ ಎಮಲ್ಷನ್ ಒಳ್ಳೆಯದು. ಒಳ್ಳೆ ದರ್ಜೆಯದಾದರೆ ಒರೆಸಬಹುದು, ನಾಲ್ಕೈದು ವರ್ಷ ತಲೆನೋವಿಲ್ಲ. ಇದರಲ್ಲೇ ಮ್ಯಾಟ್ ಬೇಕಾ, ಹೊಳಪಿನದು ಬೇಕಾ ಅಂತ ಕೇಳುತ್ತಾರೆ. ಹೊಳಪಿನದು ಒರೆಸಲು ಸಲೀಸು, ಆದರೆ ಗೋಡೆಯ ಉಬ್ಬು ತಗ್ಗುಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಮ್ಯಾಟ್ ಅವನ್ನು ಮುಚ್ಚುತ್ತದೆ, ಧೂಳನ್ನು ಹಿಡಿದುಕೊಳ್ಳುತ್ತದೆ. ನನ್ನ ಓಟು ಇವೆರಡರ ನಡುವಿನ ಮಂದ ಹೊಳಪಿಗೆ.

ಕೆಳಗಿನ ಮೂರು ನಾಲ್ಕು ಅಡಿ ಆಯಿಲ್ ಪೇಂಟ್ ಪಟ್ಟಿ ಹಾಕುವ ರೂಢಿ ನಮ್ಮಲ್ಲಿದೆ. ಜನ ಒರಗಿ ಕೂರುವ, ಮಕ್ಕಳು ಕೈ ಇಡುವ ಜಾಗ ಅದು. ಹಳೆ ಫ್ಯಾಷನ್ ಅಂತ ಈಗ ಬಿಡುತ್ತಿದ್ದಾರೆ. ಗೋಡೆ ಒಣಗಿದ್ದರೆ ಇದು ಬುದ್ಧಿವಂತಿಕೆಯ ಕೆಲಸವೇ. ಮೇಲಿನ ಬಣ್ಣದ್ದೇ ಸ್ವಲ್ಪ ಗಾಢ ಛಾಯೆ ಹಾಕಿದರೆ ಸರ್ಕಾರಿ ಕಚೇರಿಯ ಥರ ಕಾಣುವುದಿಲ್ಲ. ಸವಳು ಹತ್ತುವ ಗೋಡೆಗೆ ಮಾತ್ರ ಆಯಿಲ್ ಪೇಂಟ್ ಬೇಡವೇ ಬೇಡ. ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ.

ಬಣ್ಣ ಯಾವುದು? ಅಚ್ಚ ಬಿಳಿ ನಮ್ಮ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಕಿಟಕಿ ಪಕ್ಕ, ಸ್ವಿಚ್ಚಿನ ಸುತ್ತ ಬೇಗ ಕೊಳೆ ಕಾಣುತ್ತದೆ. ಬಳ್ಳಾರಿ ಕಡೆಯ ಕೆಂಪು ಧೂಳಿಗೆ ಗಂಧದ ಬಣ್ಣ, ಕೆನೆ ಬಣ್ಣ, ತಿಳಿ ಇಟ್ಟಿಗೆ ಬಣ್ಣ ಹೊಂದುತ್ತವೆ. ಬೂದಿ ಬೀಳುವ ಕಡೆ ತಿಳಿ ಬೂದು ಅಥವಾ ಮಾಸಲು ಹಸಿರು. ಒಳಗೋಡೆಗೆ ತಿಳಿ ಬಣ್ಣ ಹಚ್ಚಿದರೆ ಮನೆ ತಂಪಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಳಕು ಹೆಚ್ಚುತ್ತದೆ, ಅಷ್ಟೇ. ಧಗೆ ಬರುವುದು ಛಾವಣಿಯಿಂದ ಮತ್ತು ಪಶ್ಚಿಮದ ಗೋಡೆಯಿಂದ.

ನೆಲ: ಕಿತ್ತು ಹಾಕುವ ಮುಂಚೆ ಒಂದು ಸಲ ಪಾಲಿಶ್

ಹೊಸ ಕಳೆ ಅಂದ ಕೂಡಲೇ ಹಳೆ ಪರ್ಸಿ (ನೆಲಕ್ಕೆ ಹಾಸಿದ ಚಪ್ಪಡಿ ಕಲ್ಲು) ಕಿತ್ತು ಟೈಲ್ಸ್ ಹಾಕಿಸುವ ಆತುರ ಎಲ್ಲರಿಗೂ. ಶಹಾಬಾದ್ ಕಲ್ಲಿನ ನೆಲ ಇರುವವರು ಸ್ವಲ್ಪ ತಡೆಯಿರಿ. ಆ ಕಲ್ಲು ಮೇ ತಿಂಗಳ ಮಧ್ಯಾಹ್ನವೂ ಬರಿಗಾಲಿಗೆ ಹಿತವಾಗಿರುತ್ತದೆ. ಮಾಸಿದ್ದು ಕಲ್ಲಿನ ಮೇಲ್ಮೈ ಮಾತ್ರ. ಪಾಲಿಶ್ ಮಷಿನ್‌ನವರನ್ನು ಕರೆಸಿ, ಸಂದುಗಳಲ್ಲಿನ ಹಳೆ ಸಿಮೆಂಟ್ ಕೆದರಿ ಹೊಸದು ತುಂಬಿಸಿ, ಉಜ್ಜಿಸಿದರೆ ಒಳಗಿನ ಬೂದು, ತಿಳಿ ನೀಲಿ ಬಣ್ಣ ಹೊರಗೆ ಬರುತ್ತದೆ. ಹೊಸ ಟೈಲ್ಸ್ ಹಾಕಿಸುವ ಖರ್ಚಿಗೆ ಹೋಲಿಸಿದರೆ ಇದು ಸಣ್ಣದು. ಕಿತ್ತ ಕಲ್ಲು ಸಾಗಿಸುವ ತಾಪತ್ರಯವೂ ಇಲ್ಲ. ಕೆಲಸದ ದಿನ ಕೆಸರು ನೀರು ಗೋಡೆಗೆ ಸಿಡಿಯುತ್ತದೆ, ಆದ್ದರಿಂದ ನೆಲದ ಪಾಲಿಶ್ ಮೊದಲು, ಗೋಡೆಯ ಕೊನೆ ಕೋಟ್ ಆಮೇಲೆ.

ಒಂದು ಎಚ್ಚರಿಕೆ. ಶಹಾಬಾದ್, ಕಡಪ ಎರಡೂ ಸುಣ್ಣದ ಕಲ್ಲಿನ ಜಾತಿ. ಹುಳಿ ತಾಗಿದರೆ ತಿನ್ನುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಬಿದ್ದರೆ ಹೊಳಪು ಅಲ್ಲಿಗೇ ಹೋಯಿತು. ಅಡುಗೆ ಕಟ್ಟೆಗೆ ಹಾಕಿದ ಕಪ್ಪು ಕಡಪದ ಮೇಲೆ ನಿಂಬೆಹಣ್ಣು, ಹುಣಸೆ ರಸದ ಬಿಳಿ ಕಲೆ ನೋಡಿರುತ್ತೀರಿ. ಕಟ್ಟೆಯನ್ನು ಬದಲಿಸುವುದಾದರೆ ಅಲ್ಲಿ ಗ್ರಾನೈಟೇ ಸರಿ. ಅದು ಹುಳಿಗೂ ಬಿಸಿ ಪಾತ್ರೆಗೂ ಜಗ್ಗುವುದಿಲ್ಲ. ಕೊಪ್ಪಳ, ಕುಷ್ಟಗಿ, ಇಳಕಲ್ ಸುತ್ತ ಗ್ರಾನೈಟ್ ಕ್ವಾರಿಗಳಿರುವುದರಿಂದ ನಮಗೆ ಸಾಗಾಣಿಕೆಯೂ ಹತ್ತಿರ. ದೊಡ್ಡ ಚಪ್ಪಡಿ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ನೋಡಿ. ಕಿಟಕಿ ಪಟ್ಟಿಗೆ, ದೇವರ ಕೋಣೆಯ ಕಟ್ಟೆಗೆ, ಹೊಸ್ತಿಲಿಗೆ ಅವೇ ಸಾಕಾಗುತ್ತವೆ, ರೇಟೂ ಇಳಿಯುತ್ತದೆ.

ಕೆಂಪು ಗಾರೆ ನೆಲ ಇರುವ ಅದೃಷ್ಟವಂತರು ಅದನ್ನು ಒಡೆಯಬೇಡಿ. ಬಿರುಕು ಬಿಟ್ಟಲ್ಲಿ ತೇಪೆ ಹಾಕಿದರೆ ಹಳೆ ಬಣ್ಣಕ್ಕೆ ಹೊಂದುವುದು ಕಷ್ಟ, ನಿಜ. ತೇಪೆ ಕಾಣುವಲ್ಲಿ ಒಂದು ಜಮಖಾನ ಹಾಸಿ. ಚೆನ್ನಾಗಿ ತೊಳೆದು ಒಣಗಿಸಿ, ನೆಲಕ್ಕೆ ಹಚ್ಚುವ ಮೇಣ ತಿಕ್ಕಿದರೆ ಹೊಳಪು ಮರಳುತ್ತದೆ.

ಟೈಲ್ಸೇ ಬೇಕು ಅಂದರೆ ಹೊಳೆಯುವ ಗಾಢ ಬಣ್ಣದ ವಿಟ್ರಿಫೈಡ್ ಟೈಲ್ಸ್ ತೆಗೆದುಕೊಳ್ಳಬೇಡಿ. ಅಂಗಡಿಯಲ್ಲಿ ಕನ್ನಡಿ ಥರ ಕಾಣುತ್ತದೆ. ಮನೆಗೆ ಬಂದ ಮೇಲೆ ಪ್ರತಿ ಹೆಜ್ಜೆಯ ಗುರುತು, ಗಡಸು ನೀರಿನಲ್ಲಿ ಒರೆಸಿದ ಬಿಳಿ ಪಟ್ಟೆ, ಎಲ್ಲ ಕಾಣುತ್ತದೆ. ಒದ್ದೆಯಾದರೆ ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಇದು ಅಂದದ ಪ್ರಶ್ನೆ ಅಲ್ಲವೇ ಅಲ್ಲ. ಮ್ಯಾಟ್ ಮೇಲ್ಮೈ, ಮರಳು ಬಣ್ಣ ಅಥವಾ ಚುಕ್ಕೆ ಚುಕ್ಕೆ ಇರುವುದು ಇಲ್ಲಿಗೆ ಹೊಂದುತ್ತದೆ. ಹಳೆ ನೆಲದ ಮೇಲೇ ಹೊಸ ಟೈಲ್ಸ್ ಅಂಟಿಸುವುದಾದರೆ ಮೊದಲು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರುವ ಕಲ್ಲು ತೆಗೆಯಲೇಬೇಕು. ಟೈಲ್ಸ್, ಅಂಟು ಸೇರಿ ನೆಲ ಅರ್ಧ ಇಂಚಿಗಿಂತ ಜಾಸ್ತಿ ಏರುತ್ತದೆ. ಬಾಗಿಲುಗಳ ಕೆಳಗೆ ಕತ್ತರಿಸಬೇಕು, ಬಚ್ಚಲಿನ ನೀರು ಒಳಗೆ ಬರದ ಹಾಗೆ ಮಟ್ಟ ನೋಡಬೇಕು. ಈ ಎರಡನ್ನು ಕೆಲಸ ಶುರುವಾಗುವ ಮುಂಚೆಯೇ ಮಾತಾಡಿಕೊಳ್ಳಿ.

ವಿನೈಲ್ ಹಾಸು ಬಾಡಿಗೆ ಮನೆಗೆ ಓಕೆ. ಬಿಸಿಲು ಬೀಳುವ ಜಾಗದಲ್ಲಿ ಅಂಚು ಸುರುಳಿ ಸುತ್ತುತ್ತದೆ, ಬಣ್ಣ ಹೋಗುತ್ತದೆ. ತೇವ ಇರುವ ನೆಲದ ಮೇಲೆ ಹಾಸಿದರೆ ಕೆಳಗೆ ವಾಸನೆ ಹಿಡಿಯುತ್ತದೆ.

ಛಾವಣಿಗೆ ಒಳಗಿನ ಅಲಂಕಾರವೋ, ಮೇಲಿನ ಬಿಳುಪೋ

ಫಾಲ್ಸ್ ಸೀಲಿಂಗ್ ಈಗ ಹಳ್ಳಿ ಹಳ್ಳಿಗೂ ಬಂದಿದೆ. ಮೂಲೆ ಮೂಲೆಗೆ ಬಣ್ಣದ ದೀಪ, ನಡುವೆ ಹೂವಿನ ಆಕಾರ. ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ, ಮುಚ್ಚಿಡುವುದಿಲ್ಲ. ಆದರೂ ಹೋಲಿಸಿ ನೋಡೋಣ.

ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಕಾದ ಆಕಾರ ಮಾಡಬಹುದು. ಆದರೆ ಛಾವಣಿ ಸ್ವಲ್ಪ ಸೋರಿದರೂ ಹಳದಿ ಕಲೆ, ಬಿರುಕು. ಜಿಪ್ಸಂ ಬೋರ್ಡ್ ಕೆಲಸ ಬೇಗ ಆಗುತ್ತದೆ, ಕೆಟ್ಟ ತುಂಡು ಮಾತ್ರ ಬದಲಿಸಬಹುದು, ನೀರಿಗೆ ಅದೂ ಅಂಜುತ್ತದೆ. ಪಿವಿಸಿ ಪಟ್ಟಿಗೆ ನೀರಿನ ಭಯ ಇಲ್ಲ, ಒರೆಸಬಹುದು. ಬೆಂಕಿಗೆ ಹೆದರಬೇಕು, ಬಿಸಿಗೆ ಸೊಟ್ಟಗಾಗುತ್ತದೆ, ಅಡುಗೆಮನೆಯ ಒಲೆಯ ಮೇಲೆ ಖಂಡಿತ ಬೇಡ. ಯಾವುದೇ ಹಾಕಿದರೂ ಕೋಣೆಯ ಎತ್ತರ ಆರೆಂಟು ಇಂಚು ಕಡಿಮೆಯಾಗುತ್ತದೆ. 9 ಅಡಿಯ ಕೋಣೆಯಲ್ಲಿ ಫ್ಯಾನು ತಲೆಗೆ ಹತ್ತಿರ ಬರುತ್ತದೆ. ಫ್ಯಾನಿನ ರೆಕ್ಕೆ ನೆಲದಿಂದ ಕನಿಷ್ಠ 7 ಅಡಿ ಮೇಲಿರಬೇಕು. ಮಂಚದ ಮೇಲೆ ನಿಂತು ಸೊಳ್ಳೆ ಪರದೆ ಕಟ್ಟುವವರ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಧಗೆ ಕಡಿಮೆ ಆಗಲಿ ಅಂತ ಫಾಲ್ಸ್ ಸೀಲಿಂಗ್ ಹಾಕಿಸುವವರಿದ್ದಾರೆ. ಅದೇ ದುಡ್ಡಿನ ಸಣ್ಣ ಪಾಲಿನಲ್ಲಿ ಮಾಳಿಗೆ ಮೇಲೆ ಬಿಳಿ ಹಚ್ಚಿಸಬಹುದು. ಕಪ್ಪಾದ ಆರ್‌ಸಿಸಿ ಮೇಲ್ಮೈ ದಿನವಿಡೀ ಬಿಸಿಲು ಕುಡಿದು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಬಿಳಿ ಮೇಲ್ಮೈ ಬಿಸಿಲನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಇದಕ್ಕೂ ಎರಡು ದಾರಿ: ಸುಣ್ಣಕ್ಕೆ ಅಂಟು ಬೆರೆಸಿ ಹಚ್ಚುವುದು, ಇಲ್ಲವೇ ಕೂಲ್ ರೂಫ್ ಪೇಂಟ್. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ಮತ್ತೆ ಹಚ್ಚಬೇಕು. ಪೇಂಟ್ ಕೆಲವು ವರ್ಷ ಇರುತ್ತದೆ, ಆದರೆ ಕೆಂಪು ಧೂಳು ಕೂತರೆ ಕೆಲಸ ನಿಲ್ಲಿಸುತ್ತದೆ, ಆಗಾಗ ಗುಡಿಸಿ ತೊಳೆಯಬೇಕು. ಮಾಳಿಗೆ ಮೇಲೆ ಮೆಣಸಿನಕಾಯಿ, ಹಪ್ಪಳ ಒಣಗಿಸುವ ಮನೆಯವರು ಕಾಲು ತುಳಿತ ತಡೆಯುವ ದರ್ಜೆಯದನ್ನೇ ಕೇಳಿ.

ಜಂತಿಯ ಮಾಳಿಗೆ ಮನೆ ಇದ್ದರೆ ಮರವನ್ನು ಮುಚ್ಚುವ ಯೋಚನೆ ಬಿಡಿ. ಹೊಗೆ ಹಿಡಿದ ಜಂತಿ, ತೊಲೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಗೆದ್ದಲು ಔಷಧಿ ಹಚ್ಚಿ, ಆಮೇಲೆ ಅಗಸೆ ಎಣ್ಣೆ ಬಳಿದರೆ ಸಾಕು. ಮುಚ್ಚಿದರೆ ಗೆದ್ದಲು ಬಂದದ್ದೇ ಗೊತ್ತಾಗುವುದಿಲ್ಲ, ಇಲಿಗಳಿಗೂ ಒಂದು ಮನೆ ಆಗುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಕಿಟಕಿ

ಬಿಸಿಲನ್ನು ಗಾಜಿನ ಒಳಗೆ ಬಿಟ್ಟುಕೊಂಡ ಮೇಲೆ ಎಂಥ ದಪ್ಪ ಪರದೆ ಹಾಕಿದರೂ ಅರ್ಧ ಸೋತ ಹಾಗೆ. ತಡೆಯುವುದಾದರೆ ಹೊರಗೇ ತಡೆಯಬೇಕು. ಪಶ್ಚಿಮದ ಕಿಟಕಿಗೆ ಹೊರಗಡೆ ಬಿದಿರಿನ ತಟ್ಟಿ ಅಥವಾ ನೆರಳಿನ ಬಲೆ ಕಟ್ಟುವುದು, ಒಳಗಿನ ದುಬಾರಿ ಬ್ಲ್ಯಾಕೌಟ್ ಪರದೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಮ್ಮದು ಒಣ ಬಿಸಿಲು. ಆದ್ದರಿಂದ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ನಿಜಕ್ಕೂ ತಂಪಾಗುತ್ತದೆ. ಮಂಗಳೂರಿನ ಸೆಕೆಗೆ ಇದು ನಡೆಯುವುದಿಲ್ಲ, ರಾಯಚೂರಿನ ಏಪ್ರಿಲ್‌ಗೆ ನಡೆಯುತ್ತದೆ. ಜೂನ್‌ನಲ್ಲಿ ಮಳೆ ಬಂದ ಮೇಲೆ ಬಿಚ್ಚಿ ಒಣಗಿಸಿ ಎತ್ತಿಡಿ, ಇಲ್ಲದಿದ್ದರೆ ಬೂಸ್ಟು.

ಒಳಗಿನ ಪರದೆಗೆ ನನ್ನ ಆಯ್ಕೆ ಹತ್ತಿ. ಪಾಲಿಸ್ಟರ್ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಬಣ್ಣ ಗಟ್ಟಿ. ಹತ್ತಿ ಬಿಸಿಲಿಗೆ ಮಾಸುತ್ತದೆ. ಆದರೆ ಹತ್ತಿಯ ಬಟ್ಟೆ ಬಿಸಿಲಿನಲ್ಲಿ ಕೋಣೆಗೆ ಕೊಡುವ ಮೃದು ಬೆಳಕು ಬೇರೆಯೇ. ಪಶ್ಚಿಮಕ್ಕೆ ಹಿಂಬದಿ ಬಿಳಿ ಲೈನಿಂಗ್ ಹೊಲಿಸಿ. ಪರದೆಯ ಅಗಲ ಕಿಟಕಿಯ ಎರಡು ಪಟ್ಟು ಇರಲಿ, 4 ಅಡಿ ಕಿಟಕಿಗೆ 8 ಅಡಿ. ಬಟ್ಟೆ ಉಳಿಸಲು ಹೋಗಿ ಅಷ್ಟಕ್ಕಷ್ಟೇ ಹೊಲಿಸಿದರೆ ಟವೆಲ್ ಒಣ ಹಾಕಿದಂತೆ ಕಾಣುತ್ತದೆ. ನೆಲಕ್ಕೆ ತಾಗಬಾರದು, ಧೂಳು ಗುಡಿಸುತ್ತದೆ. ಪಟ್ಟಿ ಪಟ್ಟಿಯ ವೆನೀಷಿಯನ್ ಬ್ಲೈಂಡ್ ಬಳ್ಳಾರಿಗೆ ಬೇಡ. ಒಂದೊಂದು ಪಟ್ಟಿಯನ್ನೂ ಒರೆಸುವವರು ನಿಮ್ಮನ್ನು ಶಪಿಸುತ್ತಾರೆ.

ಗದ್ದೆ ಸೀಮೆಯವರಿಗೆ ಪರದೆಗಿಂತ ಮೊದಲು ಸೊಳ್ಳೆ ಜಾಲರಿ. ಅಂಟು ಪಟ್ಟಿಯ ನೈಲಾನ್ ಜಾಲರಿ ಅಗ್ಗ, ಬಿಸಿಲಿಗೆ ಅಂಟು ಬೇಗ ಬಿಡುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನದು ದುಬಾರಿ, ಆದರೆ ಬಿಚ್ಚಿ ತೊಳೆಯಬಹುದು. ಸ್ವಂತ ಮನೆಗೆ ಎರಡನೆಯದೇ ಇರಲಿ.

ದೀಪ, ಫ್ಯಾನ್, ಕಪಾಟು

ದೀಪದ ಡಬ್ಬಿಯ ಮೇಲೆ 3000ಕೆ, 4000ಕೆ, 6500ಕೆ ಅಂತ ಇರುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ಹಳದಿ. ಎಲ್ಲ ಕಡೆ 6500 ಹಾಕಿ ಮನೆಯನ್ನು ಮೆಡಿಕಲ್ ಶಾಪ್ ಮಾಡಬೇಡಿ. ಓದುವ, ಅಡುಗೆ ಮಾಡುವ ಜಾಗಕ್ಕೆ 4000 ಸಾಕು, ಪಡಸಾಲೆ, ಮಲಗುವ ಕೋಣೆಗೆ 3000. ಗಂಧದ ಬಣ್ಣದ ಗೋಡೆ ಹಳದಿ ಬೆಳಕಿಗೆ ಚೆನ್ನಾಗಿ ಅರಳುತ್ತದೆ.

ನಮ್ಮಲ್ಲಿ ಫ್ಯಾನು ಅಲಂಕಾರದ ವಸ್ತುವೂ ಹೌದು, ಯಾಕೆಂದರೆ ಕೋಣೆಯಲ್ಲಿ ಎಲ್ಲರೂ ಮೊದಲು ನೋಡುವುದೇ ಅದನ್ನು. ಹಳೆ ಫ್ಯಾನು 70ರಿಂದ 80 ವ್ಯಾಟ್ ಎಳೆಯುತ್ತದೆ, ಹೊಸ ಥರದ ಮೋಟರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ ಸುಮಾರು 20 ಯೂನಿಟ್ ಉಳಿತಾಯ. ಗೃಹಜ್ಯೋತಿಯ ಮಿತಿ ದಾಟದಂತೆ ನೋಡಿಕೊಳ್ಳುವ ಮನೆಗೆ ಇದು ಸಣ್ಣದಲ್ಲ. ದಿನಾ ಓಡದ ಕೋಣೆಗೆ ಹಳೆಯದೇ ಇರಲಿ, ರೆಕ್ಕೆ ತೊಳೆದು ಬಣ್ಣ ಹೊಡೆಸಿ.

ಕಪಾಟಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಳೆ ಸಾಗವಾನಿ ಕಪಾಟು ಇದ್ದರೆ ಮಾರಬೇಡಿ, ಪಾಲಿಶ್ ಮಾಡಿಸಿ. ಹೊಸದು ಮಾಡಿಸುವುದಾದರೆ ಪಾರ್ಟಿಕಲ್ ಬೋರ್ಡ್‌ಗಿಂತ ಪ್ಲೈವುಡ್ ಮೇಲು. ಪ್ಲೈವುಡ್ ಮೇಲಿನ ಐಎಸ್ (ಭಾರತೀಯ ಮಾನಕ) ನಂಬರ್ ನೋಡಿ, 303 ಅಂತಿದ್ದರೆ ಒಣ ಕೋಣೆಗೆ, ಐಎಸ್ 710 ಅಂತಿದ್ದರೆ ಅಡುಗೆಮನೆಯ ಸಿಂಕಿನ ಕೆಳಗೆ. ಎಲ್ಲ ಕಡೆ 710 ಹಾಕಿಸಿ ಅಂತ ಹೇಳಿದರೆ ಸುಮ್ನೆ ಖರ್ಚು. ಕಪಾಟಿಗೂ ಗೋಡೆಗೂ ನಡುವೆ ಬೆರಳು ಹಿಡಿಯುವಷ್ಟು ಸಂದು ಬಿಡಿ. ಬಾಗಿಲು ಇಲ್ಲದ ಶೋಕೇಸು ಧೂಳಿನ ಊರಿಗೆ ಒಪ್ಪುವುದಿಲ್ಲ, ಗಾಜಿನ ಬಾಗಿಲು ಇರಲಿ.

ಗೋಡೆಗೆ ಏನು ತೂಗಿಸುವುದು, ದಿವಾನಿಗೆ ಏನು ಹಾಸುವುದು

ಆನ್‌ಲೈನ್‌ನಲ್ಲಿ ಬರುವ ಓಡುವ ಕುದುರೆಗಳ ಚಿತ್ರ ಎಲ್ಲರ ಮನೆಯಲ್ಲೂ ಇದೆ. ನಮ್ಮ ಮೂರು ಜಿಲ್ಲೆಯೊಳಗೇ ಇಷ್ಟು ಸರಕು ಇರುವಾಗ ಅದು ಯಾಕೆ ಬೇಕು ಹೇಳಿ.

ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಗಾಢ ಬಣ್ಣ ತುಂಬುವ ಕೆಲಸ ಅದು. ತಿಳಿ ಗೋಡೆಯ ಮುಂದೆ ಒಂದು ಗರುಡನೋ ಗಿಳಿಯೋ ಇಟ್ಟರೆ ಇಡೀ ಪಡಸಾಲೆ ಎದ್ದು ಕಾಣುತ್ತದೆ. ನೇರ ಬಿಸಿಲು, ಒದ್ದೆ ಬಟ್ಟೆ ಎರಡೂ ಅದಕ್ಕೆ ಆಗದು. ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿ.

ಸಂಡೂರಿನ ಲಂಬಾಣಿ ಕಸೂತಿಗೂ ಅದೇ ಗುರುತು ಇದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಕುಶನ್ ಕವರು, ಗೋಡೆಗೆ ತೂಗುವ ಪಟ್ಟಿ ಸಿಗುತ್ತವೆ. ಕನ್ನಡಿ, ಕವಡೆ ಇರುವುದು ಕೂರುವ ಜಾಗಕ್ಕೆ ಚುಚ್ಚುತ್ತದೆ, ಧೂಳನ್ನೂ ಹಿಡಿಯುತ್ತದೆ. ಅಂಥದ್ದನ್ನು ಗಾಜಿನ ಫ್ರೇಮ್‌ನಲ್ಲಿ ಹಾಕಿಸಿ ಗೋಡೆಗೆ, ದಾರದ ಹೊಲಿಗೆ ಮಾತ್ರ ಇರುವುದನ್ನು ಕುಶನ್‌ಗೆ. ಕೈಯಲ್ಲಿ ತಣ್ಣೀರಲ್ಲಿ ತೊಳೆಯಬೇಕು, ಮಷಿನ್‌ಗೆ ಹಾಕುವಂತಿಲ್ಲ.

ಮಷಿನ್‌ಗೇ ಹಾಕಬೇಕು ಅನ್ನುವವರಿಗೆ ಬಳ್ಳಾರಿಯ ಜೀನ್ಸ್ ಬಟ್ಟೆ ಇದೆ. ಹೊಲಿಯುವ ಕಡೆ ಉಳಿದ ತುಂಡುಗಳನ್ನು ಜೋಡಿಸಿ ಕುಶನ್ ಕವರು, ದಿವಾನ್ ಹೊದಿಕೆ ಮಾಡಿಸಬಹುದು. ಮಕ್ಕಳಿರುವ ಮನೆಗೆ ಇದನ್ನು ಮೀರಿಸುವುದು ಕಷ್ಟ. ಮೊದಲ ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ, ತಿಳಿ ಬಣ್ಣದ ಸೋಫಾ ಮೇಲೆ ಹಾಕುವ ಮುಂಚೆ ಬೇರೆ ಒಗೆದು ಬಿಡಿ.

ಇನ್ನು ಕೌದಿ. ಅಜ್ಜಿಯ ಹಳೆ ಸೀರೆಗಳನ್ನು ಪದರ ಪದರ ಹಾಕಿ ಹೊಲಿದ ಕೌದಿ ಟ್ರಂಕಿನಲ್ಲಿ ಇರುತ್ತದೆ, ನಾವು ಅಂಗಡಿಯಿಂದ ಪಾಲಿಸ್ಟರ್ ಬೆಡ್‌ಕವರ್ ತರುತ್ತೇವೆ! ಕೌದಿಯನ್ನು ದಿವಾನಿನ ಮೇಲೆ ಹಾಸಿ, ಸುತ್ತಲಿನದೆಲ್ಲ ಒಂದೇ ಸಾದಾ ಬಣ್ಣ ಇರಲಿ. ಕೌದಿಯೂ ಹೂವಿನ ಪರದೆಯೂ ಬಣ್ಣದ ಜಮಖಾನವೂ ಒಟ್ಟಿಗೆ ಬಂದರೆ ಸಂತೆ. ಆನೆಗೊಂದಿಯಲ್ಲಿ ಮಾಡುವ ಬಾಳೆ ನಾರಿನ ಚಾಪೆ, ಬುಟ್ಟಿಗಳು ಕೌದಿಯ ಜೊತೆ ಚೆನ್ನಾಗಿ ಕೂರುತ್ತವೆ, ಆದರೆ ನೀರು ತಾಗುವ ಕಡೆ ಇಡಬೇಡಿ.

ಗುತ್ತಿಗೆಯೋ, ದಿನಗೂಲಿಯೋ

ಪೇಂಟರ್ ಜೊತೆ ಮೂರು ಥರ ಮಾತಾಡಬಹುದು. ಸಾಮಾನು ಸಮೇತ ಗುತ್ತಿಗೆ, ಕೂಲಿ ಮಾತ್ರದ ಗುತ್ತಿಗೆ, ದಿನಗೂಲಿ. ಸಾಮಾನು ಸಮೇತ ಕೊಟ್ಟರೆ ನಿಮಗೆ ಓಡಾಟವಿಲ್ಲ, ಆದರೆ ಯಾವ ಕಂಪನಿಯ ಯಾವ ದರ್ಜೆಯ ಪೇಂಟು, ಎಷ್ಟು ಕೋಟ್ ಪುಟ್ಟಿ (ಗೋಡೆ ನುಣುಪು ಮಾಡುವ ಲೇಪ), ಪ್ರೈಮರ್ ಇದೆಯಾ ಇಲ್ವಾ ಅಂತ ಕಾಗದದ ಮೇಲೆ ಬರೆಸಿಕೊಳ್ಳದಿದ್ದರೆ ಡಬ್ಬಿಯಲ್ಲಿ ನೀರು ಜಾಸ್ತಿಯಾಗುತ್ತದೆ. ಡಬ್ಬಿಯ ಮುಚ್ಚಳ ನಿಮ್ಮೆದುರೇ ತೆರೆಯಲಿ. ಬಿರುಕು ತುಂಬುವುದು, ಹಳೆ ಬಾಗಿಲು ಉಜ್ಜುವುದು, ಜಂತಿ ಒರೆಸುವುದು ಇಂಥ ನಿಧಾನದ ಕೆಲಸಕ್ಕೆ ದಿನಗೂಲಿ ಸರಿ. ಗುತ್ತಿಗೆಯಲ್ಲಿ ಅವನ್ನೆಲ್ಲ ಓಡಿಸಿಬಿಡುತ್ತಾರೆ. ಸಾಧಾರಣ ಸಿಮೆಂಟ್ ಮನೆಗೆ ನಾನು ಹೇಳುವುದು, ಸಾಮಾನು ನೀವು ತನ್ನಿ, ಕೂಲಿಗೆ ಚದರಡಿ ಲೆಕ್ಕದ ಗುತ್ತಿಗೆ ಕೊಡಿ.

ಲೆಕ್ಕ ನೀವೇ ಹಾಕಿ, ಕಷ್ಟವೇನಿಲ್ಲ. 10 ಅಡಿಗೆ 12 ಅಡಿಯ ಕೋಣೆ, ಎತ್ತರ 10 ಅಡಿ ಅಂದುಕೊಳ್ಳಿ. ನಾಲ್ಕು ಗೋಡೆಯ ಉದ್ದ ಸೇರಿ 44 ಅಡಿ, ಎತ್ತರದಿಂದ ಗುಣಿಸಿದರೆ 440 ಚದರಡಿ. 3 ಅಡಿಗೆ 7 ಅಡಿಯ ಬಾಗಿಲು 21, 4 ಅಡಿ ಚೌಕದ ಕಿಟಕಿ 16. ಕಳೆದರೆ 403. ಛಾವಣಿ 120 ಬೇರೆ. ಬಾಗಿಲು ಕಿಟಕಿ ಕಳೆಯುತ್ತೀರೋ ಇಲ್ಲವೋ ಅಂತ ಮೊದಲೇ ಕೇಳಿ. ಕೆಲವರು ಕಳೆಯುವುದಿಲ್ಲ, ಅಂಚು ಕತ್ತರಿಸುವ ಕೆಲಸ ಜಾಸ್ತಿ ಅನ್ನುತ್ತಾರೆ. ಅದರಲ್ಲೂ ನ್ಯಾಯ ಇದೆ. ಅದಕ್ಕೆ ತಕ್ಕಂತೆ ರೇಟು ಇಳಿಸಿ ಮಾತಾಡಿ.

ಯಾವಾಗ ಶುರು ಮಾಡುವುದು? ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು. ಏಪ್ರಿಲ್ ಮೇನಲ್ಲಿ ಪೇಂಟ್ ಬ್ರಷ್‌ನಲ್ಲೇ ಒಣಗುತ್ತದೆ, ಹೊಸ ಗಿಲಾವು ಗಟ್ಟಿಯಾಗಲು ಹಾಕುವ ಕ್ಯೂರಿಂಗ್ ನೀರು ಸಾಲುವುದಿಲ್ಲ, ಗಾಳಿಯ ಧೂಳು ಹಸಿ ಬಣ್ಣಕ್ಕೆ ಹತ್ತುತ್ತದೆ. ಕೊಪ್ಪಳದವರು ಜನವರಿಯ ಗವಿಮಠದ ಜಾತ್ರೆಗೆ ಮನೆ ಸಿದ್ಧವಾಗಲಿ ಅಂತ ಡಿಸೆಂಬರ್‌ನಲ್ಲಿ ಒಟ್ಟಿಗೆ ಪೇಂಟರ್ ಹುಡುಕುತ್ತಾರೆ, ಆಗ ಒಳ್ಳೆ ಕೈ ಸಿಗುವುದಿಲ್ಲ. ದೀಪಾವಳಿ ಮುಗಿದ ವಾರವೇ ಮುಂಗಡ ಕೊಟ್ಟು ದಿನ ಗೊತ್ತು ಮಾಡಿಕೊಳ್ಳಿ. ಉಳಿದ ಪೇಂಟನ್ನು ಸಣ್ಣ ಡಬ್ಬಿಗೆ ಸುರಿದು, ಬಣ್ಣದ ನಂಬರ್ ಮುಚ್ಚಳದ ಮೇಲೆ ಬರೆದು ನೆರಳಿನಲ್ಲಿಡಿ. ಸ್ವಿಚ್ಚಿನ ಸುತ್ತ ಮಾಸಿದಾಗ ಅದೇ ಬೇಕಾಗುತ್ತದೆ.